ಮಾತಾಡುವ ತಕ್ತಾ: ಬಳಸುವ ಕ್ರಮ

ಮೊದಲು ಇದನ್ನು ಓದಿ

ಅಭಿನಂದನೆಗಳು. ಇಂದಿನಿಂದ ನೀವು ಒಂದು ಮಾತಾಡುವ ತಕ್ತಾದ ಒಡೆಯರು. ತಕ್ತಾ ಅಂದರೆ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಚಿತ್ರಪಟ. ಬೆಂಗಳೂರಿನ ಕಡೆಯವರು ಭಿತ್ತಿಪತ್ರ ಅನ್ನಬಹುದು, ಚಾರ್ಟ್ ಅನ್ನಬಹುದು; ನಮ್ಮ ಕನ್ನಡ ಶಾಲೆಯಲ್ಲಿ ಅದು ಮರಾಠಿಯಿಂದ ಬಂದ ತಕ್ತಾನೇ. ಕಾಗುಣಿತದ ತಕ್ತಾ, ಹಣ್ಣಿನ ತಕ್ತಾ, ಹಲ್ಲುಜ್ಜುವ ಹುಡುಗನ ತಕ್ತಾ. ಇಷ್ಟು ವರ್ಷ ಇವೆಲ್ಲ ಮಾಸ್ತರರ ಮುಂದೆ ಬಾಯಿ ಮುಚ್ಚಿಕೊಂಡು ನೇತಾಡುತ್ತಿದ್ದವು. ಈಗ ಅವಕ್ಕೂ ಬಾಯಿ ಬಂದಿದೆ. ಚಿತ್ರದ ಮೇಲೆ ಅಲ್ಲಲ್ಲಿ ಕರಿಬಿಳಿ ಚೌಕ ಅಂಟಿಸಿ, ಅದಕ್ಕೆ ಫೋನು ಹಿಡಿದರೆ ಹಾಡು, ಮಾತು, ವಿಡಿಯೋ.

ಈ ಕೈಪಿಡಿ ಬರೆಯುತ್ತಿರುವವನು ಮಿರಜ ತಾಲೂಕಿನ ಮೂಡಲಂಚಿನ ಒಂದು ಕನ್ನಡ ಶಾಲೆಯ ಮಾಸ್ತರ. ನಮ್ಮ ಊರಿನ ಹೊಲಗಳು ಮುಗಿದಲ್ಲಿ ಕರ್ನಾಟಕ ಶುರು. ಫೋನಿಗೂ ಇದು ಗೊತ್ತು: ಬಾಗಿಲ ಬಳಿ ನಿಂತರೆ ಮಹಾರಾಷ್ಟ್ರದ ಟವರು, ಕಿಟಕಿಯ ಬಳಿ ನಿಂತರೆ ಕಾಗವಾಡದ ಕಡೆಯದು, ನಟ್ಟನಡುವೆ ನಿಂತರೆ ಯಾವುದೂ ಇಲ್ಲ. ಮೊಳೆ ಮೊದಲೇ ಇದ್ದದ್ದು ನಟ್ಟನಡುವೆ. ಆದ್ದರಿಂದ ತಕ್ತಾ ತೂಗುಹಾಕಿದ್ದೂ ಅಲ್ಲೇ.

ಪೆಟ್ಟಿಗೆಯಲ್ಲಿ ಏನೇನಿದೆ

ಏನೂ ಇಲ್ಲ. ಪೆಟ್ಟಿಗೆಯೇ ಇಲ್ಲ. ವಾಟ್ಸಾಪ್ ಗುಂಪಿಗೆ ‘ಉಪಕ್ರಮ’ ಎಂಬ ಶಬ್ದ ಬರುತ್ತದೆ, ಅಷ್ಟೇ. ಮೇಲಿನಿಂದ ಇಳಿದು ಬರುವ ಪ್ರತಿಯೊಂದಕ್ಕೂ ನಮ್ಮಲ್ಲಿ ಅದೇ ಹೆಸರು. ಗಿಡ ನೆಟ್ಟರೂ ಉಪಕ್ರಮ, ಕೈ ತೊಳೆದರೂ ಉಪಕ್ರಮ. ಉಳಿದದ್ದನ್ನು ನೀವೇ ಹೊಂದಿಸಿಕೊಳ್ಳಬೇಕು: ದೊಡ್ಡ ಡ್ರಾಯಿಂಗ್ ಶೀಟು ಎರಡು, ಸ್ಕೆಚ್ ಪೆನ್ನು, ಮೈದಾ ಹಿಟ್ಟಿನ ಅಂಟು, ಝೆರಾಕ್ಸ್ ಅಂಗಡಿ ಹುಡುಗನ ಸ್ನೇಹ, ಒಂದು ಫೋನು. ಫೋನು ನಿಮ್ಮದೇ. ರಿಚಾರ್ಜೂ ನಿಮ್ಮದೇ.

ಉಪಕರಣದ ಪೂರ್ವಾಪರ

ಹಾಡು, ಮಾತು, ಬಣ್ಣ, ಕುಣಿತ ಎಲ್ಲ ಒಂದೇ ಕಡೆ ಸಿಗುವುದನ್ನು ಕಂಡು ಬೆರಗಾದದ್ದು ನಮ್ಮ ಜಿಲ್ಲೆಯ ಸಾಂಗಲಿಗೆ ಹೊಸದಲ್ಲ. ಉತ್ತರ ಕನ್ನಡದಿಂದ ಬಂದ ಭಾಗವತ ಮೇಳದ ಆಟ ನೋಡಿದ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರು, ನಮ್ಮಲ್ಲೂ ಇಂಥದ್ದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಆಯಿತು. ಮರಾಠಿ ರಂಗಭೂಮಿ ತನ್ನ ವಯಸ್ಸನ್ನು ಅಲ್ಲಿಂದ ಎಣಿಸುತ್ತದೆ. ಅಂದರೆ ಕನ್ನಡದ್ದನ್ನು ನೋಡಿ ಮರಾಠಿಯಲ್ಲಿ ಮಾಡುವುದು ಈ ಊರಿನ ಹಳೆಯ ರೂಢಿ. ನಾವು ಮರಾಠಿಯದ್ದನ್ನು ನೋಡಿ ಕನ್ನಡದಲ್ಲಿ ಮಾಡಿದೆವು. ಲೆಕ್ಕ ಚುಕ್ತಾ.

ನೋಡಿದ್ದು ಯಾರನ್ನು ಎಂದರೆ ಪಕ್ಕದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಂಜಿತಸಿಂಹ ಡಿಸಳೆ ಗುರೂಜಿಯವರನ್ನು. 2020ರ ಡಿಸೆಂಬರಿನಲ್ಲಿ ಅವರಿಗೆ ಗ್ಲೋಬಲ್ ಟೀಚರ್ ಪ್ರೈಜ್ ಬಂತು, 10 ಲಕ್ಷ ಡಾಲರು; ಅದರ ಅರ್ಧವನ್ನು ಕೊನೆಯ ಸುತ್ತಿನ ಇನ್ನೊಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು. ಅವರು ಮಾಡಿದ್ದೇನು? ಪಠ್ಯಪುಸ್ತಕದ ಪುಟಕ್ಕೆ ಕ್ಯೂಆರ್ ಕೋಡ್ ಅಂಟಿಸಿ, ಪದ್ಯ ಕೇಳುವಂತೆ, ಪಾಠ ನೋಡುವಂತೆ ಮಾಡಿದರು. ಆಮೇಲೆ ಆ ಚೌಕಗಳು ರಾಜ್ಯದ ಪಠ್ಯಪುಸ್ತಕಗಳಿಗೆಲ್ಲ ಬಂದವು. ಪ್ರಶಸ್ತಿ ಕೊಟ್ಟವರ ಹೇಳಿಕೆಯಲ್ಲಿ ಇನ್ನೂ ಒಂದು ಮಾತಿತ್ತು: ಪುಸ್ತಕ ಮಕ್ಕಳ ಮನೆಮಾತಿನಲ್ಲಿ ಇರಲಿಲ್ಲ, ಆ ಮನೆಮಾತು ಕನ್ನಡ, ಮಾಸ್ತರರು ಅದನ್ನು ಕಲಿತು ಪುಸ್ತಕವನ್ನು ಅದಕ್ಕೆ ತಂದರು ಎಂದು. ಪತ್ರಿಕೆಗಳು ಹತ್ತು ಲಕ್ಷ ಡಾಲರನ್ನು ದಪ್ಪಕ್ಷರದಲ್ಲಿ ಹಾಕಿದವು, ಕನ್ನಡವನ್ನು ಸಣ್ಣಕ್ಷರದಲ್ಲಿ. ನನ್ನ ಕಣ್ಣಿಗೆ ಬಿದ್ದದ್ದು ಸಣ್ಣಕ್ಷರ.

ಕೌದಿಯ ಪರಿಚಯ

ಕ್ಯೂಆರ್ ಕೋಡನ್ನು ನೋಡಿದ ಕೂಡಲೇ ಮೂರನೆಯ ಇಯತ್ತೆಯ ಮಕ್ಕಳು ‘ಕೌದಿ’ ಅಂದರು. ನಿಜವೇ, ಅವ್ವನ ಹಳೆ ಸೀರೆ, ಅಜ್ಜನ ಧೋತರ ಹರಿದು ತುಂಡು ಕೂಡಿಸಿ ಹೊಲಿದ ಹಾಗೇ ಇದೆ. ಇನ್ನು ಮುಂದೆ ಈ ಕೈಪಿಡಿಯಲ್ಲಿ ಅದು ಕೌದಿ. ಇದನ್ನು 1994ರಲ್ಲಿ ಹೊಲಿದವರು ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ. ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಗೋ ಎಂಬ ಆಟದ ಮಣೆಯ ಮೇಲಿನ ಕರಿ-ಬಿಳಿ ಕಾಯಿ ನೋಡಿ ಹೊಳೆಯಿತಂತೆ. ನಮ್ಮಲ್ಲಿ ಹುಲಿಮನೆ ಆಡಿದವರಿಗೆ ಏನೂ ಹೊಳೆಯಲಿಲ್ಲ, ಇರಲಿ.

ಮೂರು ಮೂಲೆಯಲ್ಲಿ ಮೂರು ದೊಡ್ಡ ಚೌಕ ಇರುತ್ತವೆ. ಅವುಗಳಿಂದ ಫೋನಿಗೆ ತಲೆ ಯಾವುದು ಕಾಲು ಯಾವುದು ತಿಳಿಯುತ್ತದೆ. ಸುತ್ತಲೂ ನಾಲ್ಕು ಮನೆಯಷ್ಟು ಬಿಳಿ ಅಂಚು ಖಾಲಿ ಬಿಡಲೇಬೇಕು. ಒಬ್ಬ ಹುಡುಗಿ ಆ ಅಂಚು ಬೋಳು ಕಾಣುತ್ತದೆಂದು ಹಸಿರು ಬಳ್ಳಿ ಎಳೆದು ನಡುನಡುವೆ ಹೂವಿಟ್ಟಳು. ತಕ್ತಾ ಬಹಳ ಚಂದವಾಯಿತು, ಕೌದಿ ಮೂಕವಾಯಿತು. ಅಳತೆಗೆ ಒಂದು ಅಂದಾಜು: ಎಷ್ಟು ದೂರದಿಂದ ಫೋನು ಹಿಡಿಯುತ್ತೀರೋ ಅದರ ಹತ್ತನೆಯ ಒಂದು ಪಾಲು ಅಗಲ. ಒಂದು ಮೀಟರಿಗೆ 10 ಸೆಂಟಿಮೀಟರು.

ಕೌದಿಗೆ ತೇಪೆ ಹಾಕಿಕೊಳ್ಳುವ ಗುಣವೂ ಇದೆ. ಅತಿ ಗಟ್ಟಿ ನಮೂನೆಯದು ಸುಮಾರು ಶೇ. 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಇದನ್ನು ನಂಬಿ ನಾನು ಮೈದಾ ಅಂಟು ಬಳಸಿದೆ. ಇಲಿಗೆ ಮೈದಾ ಇಷ್ಟ. ಅದು ತಿಂದದ್ದು ಹೆಚ್ಚೆಂದರೆ ಶೇ. 10, ಆದರೆ ತಿಂದದ್ದು ಆ ಮೂರು ಮೂಲೆಗಳಲ್ಲಿ ಒಂದನ್ನು. ಇಲಿಗೆ ಶೇಕಡಾವಾರು ತಿಳಿಯುವುದಿಲ್ಲ.

ಇನ್ನೊಂದು ಗುಟ್ಟು. ರೇಂಜ್ ಇಲ್ಲದ ಶಾಲೆಯಲ್ಲಿ ಕೊಂಡಿಯ ಬದಲು ಬರಹವನ್ನೇ ಕೌದಿಯೊಳಗೆ ಹೊಲಿದುಬಿಡಬಹುದು, ಇಂಟರ್ನೆಟ್ಟಿನ ಹಂಗಿಲ್ಲ. ಅತಿ ದೊಡ್ಡ ಕೌದಿಯಲ್ಲಿ 2,953 ಬೈಟು ಹಿಡಿಸುತ್ತದೆ. ಇಂಗ್ಲಿಷಿನವರಿಗೆ ಅಷ್ಟು ಅಕ್ಷರ. ಕನ್ನಡಕ್ಕೆ ಒಂದೊಂದು ಚಿಹ್ನೆಗೂ 3 ಬೈಟು ಬೇಕು, ಅರ್ಕಾವತ್ತು ಒತ್ತು ಗುಡಿಸು ಎಲ್ಲ ಬೇರೆ ಬೇರೆ ಲೆಕ್ಕ. ‘ದ್ರಾಕ್ಷಿ’ ನಮ್ಮ ಕಣ್ಣಿಗೆ ಎರಡಕ್ಷರ. ಕೌದಿಗೆ ಎಂಟು ಚಿಹ್ನೆ, 24 ಬೈಟು. ಸಾಂಗಲಿ ಜಿಲ್ಲೆಯಲ್ಲಿ ದ್ರಾಕ್ಷಿಯ ಬಗ್ಗೆ ಬರೆಯದೆ ಇರುವುದು ಹೇಗೆ? ಒತ್ತಕ್ಷರ ಹೆಚ್ಚಾದಷ್ಟೂ ಕೌದಿಯ ಹೊಲಿಗೆ ಒತ್ತಾಗುತ್ತದೆ, ಹಳೆ ಫೋನಿಗೆ ಕಣ್ಣು ಮಂಜಾಗುತ್ತದೆ. ‘ಅರಿಶಿನದ ಪೇಟೆ’ಯಂಥ ಒತ್ತಿಲ್ಲದ ಮಾತನ್ನು ಹುಡುಕಿ ಬರೆಯುವ ಕಲೆ ನನಗೆ ಹೀಗೆ ಬಂತು. ಕನ್ನಡ ಕವಿಗಳಿಗೆ ಇಂಥ ಛಂದಸ್ಸಿನ ಕಟ್ಟು ಯಾರೂ ಹಾಕಿರಲಾರರು.

ವಿಷಯದ ಆಯ್ಕೆ

ಸೌರಮಂಡಲ ಬೇಡ. ಎಲ್ಲರೂ ಅದನ್ನೇ ಮಾಡುತ್ತಾರೆ. ಯಾರ ಮಾವನ ಮನೆಯೂ ಶನಿಗ್ರಹದಲ್ಲಿಲ್ಲ.

ನಾವು ತಂಬೂರಿಯನ್ನು ಆರಿಸಿದೆವು. ನಮ್ಮ ಮಕ್ಕಳಿಗೆ ಮಿರಜ ಅಂದರೆ ಎರಡೇ: ರೈಲು ಬದಲಿಸುವ ಜಂಕ್ಷನ್, ಅಜ್ಜನಿಗೆ ಆಪರೇಷನ್ ಆದ ದವಾಖಾನೆ. ಅಥಣಿ, ಚಿಕ್ಕೋಡಿ, ರಾಯಬಾಗದ ಕಡೆಯ ಅರ್ಧ ಜನಕ್ಕೂ ಅಷ್ಟೇ. ಅದೇ ಊರಿನ ಸಿತಾರಮೇಕರ್ ಗಲ್ಲಿಯಲ್ಲಿ ತಲೆಮಾರುಗಳಿಂದ ಸಿತಾರ, ತಂಬೂರಿ ಕಟ್ಟುತ್ತಾರೆ, 2024ರಲ್ಲಿ ಮಿರಜದ ಸಿತಾರ ಮತ್ತು ತಾನಪುರಾಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಬಂತು ಎನ್ನುವುದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಒಂದು ರವಿವಾರ ಹೋದೆ. ಅಂಗಡಿಯ ಒಳಕೋಣೆಯಲ್ಲಿ ಪಂಢರಪುರ, ಮಂಗಳವೇಢೆಯ ಕಡೆಯಿಂದ ಬಂದ, ತಂಬೂರಿಯ ತಳವಾಗುವ ಒಣಕಾಯಿಯ ಬುರುಡೆಗಳು ಸೂರಿನವರೆಗೆ. ಬೋಳುತಲೆಯವರ ಸಭೆ ನೆರೆದ ಹಾಗೆ. ನೀರಲ್ಲಿ ನೆನೆಸಿದ ಒಂದು ಬುರುಡೆಯ ಒಳತಿರುಳನ್ನು ಹುಡುಗನೊಬ್ಬ ಕೆರೆಯುತ್ತಿದ್ದ. ಹಿರಿಯರೊಬ್ಬರು ಕುದುರೆಯ ಮೇಲೆ, ಅಂದರೆ ತಂತಿಗಳು ಕೂರುವ ಆ ಸಣ್ಣ ಪೀಠದ ಮೇಲೆ, ಅರ ಆಡಿಸುತ್ತಿದ್ದರು. ಎರಡೆಳೆ ಉಜ್ಜುವುದು, ತಂತಿ ಮೀಟುವುದು, ಕಿವಿ ಕೊಡುವುದು, ಮತ್ತೆ ಎರಡೆಳೆ. ಏನು ಮಾಡುತ್ತಿದ್ದೀರಿ ಎಂದೆ. ಧಾರವಾಡದ ಗಿರಾಕಿಗಳಿಂದ ಕಲಿತ ಕನ್ನಡದಲ್ಲಿ ಹೇಳಿದರು: “ಜವಾರಿ ತೆಗ್ಯಾಕತ್ತೀನ್ರಿ.”

ನಮ್ಮ ಕಡೆ ಜವಾರಿ ಅಂದರೆ ಊರಿನ, ನಾಟಿ, ಹೈಬ್ರೀಡ್ ಅಲ್ಲದ್ದು. ಜವಾರಿ ಕೋಳಿ, ಜವಾರಿ ಬದನೆಕಾಯಿ, ಸಿಟ್ಟು ಬಂದರೆ ಜವಾರಿ ಮಂದಿ. ತಂಬೂರಿಯ ಜವಾರಿ ಬೇರೆ. ಕುದುರೆಯ ಬೆನ್ನು ಚಪ್ಪಟೆಯಾಗಿರದೆ ಕೂದಲೆಳೆಯಷ್ಟು ಇಳಿಜಾರಾಗಿ ಬಾಗಿರಬೇಕು. ಆಗ ತಂತಿ ಮಿಡಿದಾಗೆಲ್ಲ ಅದರ ಬೆನ್ನನ್ನು ಸವರಿ ಸವರಿ ಹೋಗುತ್ತದೆ. ಒಂದೇ ಸ್ವರದೊಳಗಿಂದ ಹತ್ತು ಸ್ವರ ಜೇನಿನ ಹಾಗೆ ಗುಂಯ್‌ಗುಡುತ್ತವೆ. ಕಡೆಗೆ ತಂತಿಯಡಿ ಹತ್ತಿಯ ಒಂದೆಳೆ ತೂರಿಸಿ ಹಿಂದೆಮುಂದೆ ಸರಿಸಿದರೆ ನಾದ ಬಾಯ್ತೆರೆಯುತ್ತದೆ. ಅರ ಒಂದೆಳೆ ಹೆಚ್ಚು ಬಿದ್ದರೆ ಕೆಲಸ ಮೊದಲಿನಿಂದ. “ಮಷೀನ್ ಇಲ್ಲೇನ್ರಿ ಇದಕ್ಕ?” ಎಂದೆ. ತಮ್ಮ ಕಿವಿ ಹಿಡಿದು ತೋರಿಸಿದರು.

ಜವಾರಿ ಹೊಂದಿಸುವುದು (ಈ ಭಾಗವನ್ನು ಹಾರಿಸಬೇಡಿ)

ತಕ್ತಾದ ಮೇಲೆ ತಂಬೂರಿಯ ಚಿತ್ರ ಬರೆದು ಐದು ಕಡೆ ಕೌದಿ ಅಂಟಿಸಿದೆವು. ಬುರುಡೆ, ಅದರ ಬಾಯಿ ಮುಚ್ಚುವ ತಬಲಿ, ಕುದುರೆ, ತಂತಿ ಬಿಗಿಯುವ ಖುಂಟಿ, ತಂತಿ. ಮೊದಲ ಸಲ ಎಲ್ಲಕ್ಕೂ ನನ್ನದೇ ಧ್ವನಿ. ಮನೆಯಲ್ಲಿ ಫ್ಯಾನ್ ಆರಿಸಿ, ಗಂಟಲು ಸರಿ ಮಾಡಿಕೊಂಡು ಅಚ್ಚಗನ್ನಡದಲ್ಲಿ ಶುರು ಮಾಡಿದೆ: “ಪ್ರಿಯ ವಿದ್ಯಾರ್ಥಿಗಳೇ, ತಂಬೂರಿಯ ತಳಭಾಗವನ್ನು ಸೋರೆಯ ಜಾತಿಯ ಕಾಯಿಯಿಂದ ತಯಾರಿಸಲಾಗುತ್ತದೆ.” ಮಕ್ಕಳು ಫೋನು ಹಿಡಿದು ರೇಂಜಿಗೆ ಕಿಟಕಿಯತ್ತ ಸರಿದರು, ಧ್ವನಿ ಬಂತು, ಎಲ್ಲರೂ ಒಂದು ಸಲ ಗೋಡೆ ನೋಡಿದರು, ಒಂದು ಸಲ ನನ್ನನ್ನು.

“ಸರ್, ಇದು ನೀವ ಅಲ್ರಿ?”

“ಹೌದು.”

“ಮತ್ತ ಇಲ್ಲೇ ಅದೀರಲ್ಲ. ಸುಮ್ನ ಹೇಳ್ರಲಾ.”

ಸ್ವರ ಸರಿಯಿತ್ತು, ಗುಂಯ್ ಇರಲಿಲ್ಲ. ಸೋರೆ ಯಾವುದೆಂದು ಕೇಳಿದೆ; ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಯ ಸಾಲಿನಿಂದ “ಭೋಪಳಾ ಅನ್ರಿ ಸರ್” ಎಂದು ತಿದ್ದುಪಡಿ ಬಂತು. ಸೀಮೆಸುಣ್ಣಕ್ಕೆ ಖಡು ಅನ್ನುವ, ತರಗತಿಗೆ ಇಯತ್ತೆ ಅನ್ನುವ ಮಕ್ಕಳು ಇವರು. ಪುಸ್ತಕದ ಕನ್ನಡ ಇವರಿಗೆ ಮೈಮೇಲೆ ನಿಲ್ಲದ ಇಸ್ತ್ರಿ ಅಂಗಿ. ಮರಾಠಿಯೋ ನೆಂಟರ ಮನೆಯ ಮಾತು. ನಡುವೆ ಒಂದು ಜವಾರಿ ಕನ್ನಡ ಇದೆ, ಅದು ತಕ್ತಾದ ಮೇಲೆ ಯಾವತ್ತೂ ಏರಿಲ್ಲ.

ಹಾಗಾಗಿ ಎರಡನೆಯ ಸಲ ಅರ ಹಿಡಿದೆ. ಬುರುಡೆಯ ಕೌದಿಗೆ ಒಬ್ಬ ಹುಡುಗಿಯ ಆಯಿಯನ್ನು ಮಾತಾಡಿಸಿದೆವು. ಆಕೆ ತಂಬೂರಿ ಕಂಡವಳಲ್ಲ, ಬುರುಡೆ ಕಂಡವಳು. ಬಳ್ಳಿಯಲ್ಲೇ ಕಾಯಿ ಒಣಗಲು ಬಿಡುವುದು, ಬೀಜ ಗಿಲಗಿಲ ಅಂದಾಗ ಕೊಯ್ಯುವುದು, ತಮ್ಮ ಕಾಲಕ್ಕೆ ಅದರಲ್ಲೇ ನೀರು ಒಯ್ಯುತ್ತಿದ್ದದ್ದು. ನಡುವೆ ಆಕೆ ಮೊಮ್ಮಗನಿಗೆ “ಏ, ಆ ಎಮ್ಮಿ ಬಿಚಗೊಂಡತ್ ನೋಡೋ” ಎಂದು ಕೂಗಿದ್ದೂ ದಾಖಲಾಯಿತು. ತೆಗೆದುಬಿಡೋಣ ಎಂದೆ. ತರಗತಿ ಒಕ್ಕೊರಲಿನಿಂದ ಬೇಡ ಎಂದಿತು. ಈಗ ತಕ್ತಾದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಭಾಗ ಎಮ್ಮೆಯದೇ. ಆದರೆ ಎಮ್ಮೆಗಾಗಿ ಕಾಯುತ್ತ ಕೂತವರಿಗೆಲ್ಲ ಬುರುಡೆ ಒಣಗಿಸುವ ಕ್ರಮ ಬಾಯಿಪಾಠವಾಗಿದೆ.

ತಂತಿಯ ಕೌದಿಯಲ್ಲಿ ಕಿರಾನಾ ಗಾಯಕ ಅಬ್ದುಲ್ ಕರೀಮ್ ಖಾನರ ಹಳೆಯ ರಿಕಾರ್ಡ್ ಇಟ್ಟೆವು. ಕೈರಾನಾದಲ್ಲಿ ಹುಟ್ಟಿ, ಮಿರಜದಲ್ಲಿ ನೆಲೆನಿಂತು, 1937ರಲ್ಲಿ ತಮಿಳುನಾಡಿನ ಒಂದು ರೈಲು ನಿಲ್ದಾಣದಲ್ಲಿ ಪ್ರಾಣಬಿಟ್ಟು, ಮತ್ತೆ ಮಿರಜದ ಖ್ವಾಜಾ ಶಮನಾ ಮೀರಾ ದರ್ಗಾದಲ್ಲೇ ಮಣ್ಣಾದವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯ. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಧಾರವಾಡದ ಕಡೆಯ ಕಿರಾನಾ ಗಾಯನದ ಬೇರು ಹಿಡಿದು ಹೋದರೆ ನಮ್ಮ ಬಸ್‌ಸ್ಟ್ಯಾಂಡಿಗೇ ಬರುತ್ತದೆ ಎಂದು ಎದೆಯುಬ್ಬಿಸಿ ಹೇಳಿದೆ. ಮಕ್ಕಳು ಸದ್ದಿಲ್ಲದೆ ಕೇಳಿದರು. ಕೊನೆಗೆ ಒಬ್ಬ ಕೈ ಎತ್ತಿದ: “ಸರ್, ಇವ್ರು ಹಾಡುಮುಂದ ಹೊರಗ ಮಳಿ ಬರಾಕತ್ತಿತ್ತೇನ್ರಿ?” ಹಳೆಯ ರಿಕಾರ್ಡಿನ ಸರಸರ ಅದು. ನಾನು ಆ ರಿಕಾರ್ಡನ್ನು ಎಷ್ಟೋ ಸಲ ಕೇಳಿದ್ದೇನೆ, ಮಳೆ ಬಂದದ್ದು ಅವತ್ತೇ ಮೊದಲು.

ಧ್ವನಿವರ್ಧಕ

ಫೋನಿನ ಸದ್ದು ಮುಂದಿನ ಸಾಲು ದಾಟುವುದಿಲ್ಲ. ಬ್ಲೂಟೂತ್ ಸ್ಪೀಕರಿಗೆ ಅನುದಾನ ಕೇಳಬಹುದು; ಕೇಳಿ, ಮುಂದಿನ ಹಂತಕ್ಕೆ ಹೋಗಿ. ಗಲ್ಲಿಯ ಹಿರಿಯರು ಬಿರುಕು ಬಿಟ್ಟು ಕೆಲಸಕ್ಕೆ ಬಾರದ ಒಂದು ಬುರುಡೆ ಕೊಟ್ಟಿದ್ದರು. ಬಾಯಿ ಮೇಲಾಗಿ ಇಟ್ಟು ಫೋನನ್ನು ಅದರೊಳಗೆ ಇಳಿಬಿಟ್ಟರೆ ಸದ್ದು ತುಂಬಿಕೊಂಡು ಕೊನೆಯ ಗೋಡೆ ಮುಟ್ಟುತ್ತದೆ. ಒಂದು ಎಚ್ಚರಿಕೆ: ಫೋನು ಫೋನೇ. ಆಲಾಪ ಏರುತ್ತಿದ್ದ ಹೊತ್ತಿಗೆ ಮನೆಯಿಂದ ಕರೆ ಬಂದು, ಗಾಬರಿಯಲ್ಲಿ ಬೆರಳು ತಪ್ಪಿ ಸ್ಪೀಕರ್ ಒತ್ತಿಹೋಗಿ, “ಬರುಮುಂದ ಕೊತ್ತಂಬರಿ ತರ್ರಿ, ನಿನ್ನೆ ತಂದದ್ದು ಕೊಳತದ್ದು” ಎಂಬ ಮಾತು ಬುರುಡೆಯೊಳಗಿಂದ ಆಕಾಶವಾಣಿಯಂತೆ ಹೊರಟಿತು. ಮರುದಿನ ಮೂವರು ಮಕ್ಕಳು ಕೊತ್ತಂಬರಿ ಸಿವುಡು ತಂದಿದ್ದರು.

ತೊಂದರೆಗಳು

ಕೌದಿ ಹಿಡಿದರೆ ‘ಅನುಮತಿ ಬೇಕು’ ಎಂದು ಬಂದರೆ: ಕಡತ ಇಟ್ಟ ಕಡೆ ‘ಕೊಂಡಿ ಇದ್ದವರೆಲ್ಲ ನೋಡಬಹುದು’ ಎಂದು ಮಾಡಲು ಮರೆತಿದ್ದೀರಿ. ಸಂಜೆ ನಿಮ್ಮ ಇ-ಮೇಲಿಗೆ ಹುಡುಗರ ಅಪ್ಪಂದಿರ ಹೆಸರಿನಲ್ಲಿ ಹತ್ತೊಂಬತ್ತು ಅರ್ಜಿ ಬಂದಿರುತ್ತವೆ.

ತಂಬೂರಿಯ ಬದಲು ಸಾಲ ಕೊಡುವವರ ಜಾಹೀರಾತು ಬಂದರೆ: ಪುಕ್ಕಟೆ ಎಂದು ಆಸೆಗೆ ಬಿದ್ದು ಯಾವುದೋ ತಾಣದಲ್ಲಿ ಕೌದಿ ಹೊಲಿಸಿದ್ದೀರಿ. ಅಂಥದ್ದು ನಡುವೆ ತನ್ನ ವಿಳಾಸ ಇಟ್ಟುಕೊಂಡು, ಕೆಲವು ದಿನದ ಮೇಲೆ ದುಡ್ಡು ಕೇಳುತ್ತದೆ. ವಿಳಾಸ ನೇರವಾಗಿ ಒಳಗೇ ಇರುವ ಕೌದಿ ಮಾಡಿ, ಅದಕ್ಕೆ ಅವಧಿಯಿಲ್ಲ. ಹಳೆಯ ಕಂಪ್ಯೂಟರಿನ ಫ್ಲ್ಯಾಶ್ ಪಾಠಗಳು ನೆನಪಿವೆಯೇ? 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, ಅವೆಲ್ಲ ಒಟ್ಟಿಗೆ ತೀರಿಹೋದವು. ಹಲ್ಲುಜ್ಜುವ ಹುಡುಗನ ತಕ್ತಾ ಇನ್ನೂ ಇದೆ.

ಲ್ಯಾಮಿನೇಷನ್ ಮಾಡಿಸಿದರೆ: ಕಿಟಕಿಯ ಬೆಳಕು ಬಿದ್ದು ಕನ್ನಡಿಯಾಗುತ್ತದೆ. ಮಾಡಿಸದಿದ್ದರೆ ಕೃಷ್ಣೆಯ ಕಡೆಯ ತೇವ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತ್ತು. ಅಂಥ ತೇವಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ತಪಾಸಣೆಯ ದಿನ

ನಮ್ಮ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕೇಂದ್ರಪ್ರಮುಖರು ಬಂದರು. ಮರಾಠಿಯವರು, ಒಳ್ಳೆಯವರು. ಬುರುಡೆಯ ಕೌದಿ ಹಿಡಿದು ಪೂರ್ತಿ ಕೇಳಿದರು, ಎಮ್ಮೆಯವರೆಗೂ. ಇದು ಯಾರ ಧ್ವನಿ ಎಂದು ಕೇಳಿದಾಗ ಹುಡುಗಿ ಹೆಮ್ಮೆಯಿಂದ “ನಮ್ಮ ಆಯಿದು” ಅಂದಳು. ಮರಾಠಿಯಲ್ಲಿ ಆಯಿ ಅಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಅವರು ಹುಡುಗಿಯನ್ನೊಮ್ಮೆ, ಫೋನನ್ನೊಮ್ಮೆ ನೋಡಿ, ತಾಯಿಯ ಆರೋಗ್ಯ ಸರಿಯಿದೆಯೇ ಎಂದು ಮೆಲ್ಲಗೆ ನನ್ನನ್ನು ವಿಚಾರಿಸಿದರು. ಎಮ್ಮೆ ಸಿಕ್ಕಿತೇ ಎಂದೂ ಕೇಳಿದರು. ಷೇರಾ ಪುಸ್ತಕದಲ್ಲಿ ‘ಉಪಕ್ರಮ ಉತ್ತಮ’ ಎಂದು ಬರೆದು ಹೋದರು.

ಖಾತರಿ

ಇಲ್ಲ. ಆದರೆ ತಕ್ತಾ ತೂಗುಹಾಕಿ ತಿಂಗಳಾದ ಮೇಲೆ ಒಂದು ಅಡ್ಡಪರಿಣಾಮ ಕಂಡಿತು, ಅದನ್ನು ದಾಖಲಿಸಬೇಕು. ಮಧ್ಯಾಹ್ನ ಖಿಚಡಿ ಮುಗಿದ ಮೇಲೆ ಕಟ್ಟೆಯ ಮೇಲೆ ಮಕ್ಕಳು ಖಡುವಿನಿಂದ ಚೌಕ ಎಳೆದು, ಮೂರು ಮೂಲೆಗೆ ಮೂರು ಕಲ್ಲಿಟ್ಟು, ಒಬ್ಬರನ್ನು ನಡುವೆ ಕೂಡಿಸುತ್ತಾರೆ. ಕೂತವರು ಕೌದಿ. ಇನ್ನೊಬ್ಬರು ಹೆಂಚಿನ ಚೂರು ಹಿಡಿದುಕೊಂಡು ಬಂದು “ಪೀಂ” ಅನ್ನಬೇಕು. ಅಂದ ಕೂಡಲೇ ಕೌದಿ ಏನಾದರೂ ಹೇಳಬೇಕು: ಹಾಡು, ಒಗಟು, ಮನೆಯ ಜಗಳ, ಏನಾದರೂ. ಹೇಳಿದ್ದನ್ನೇ ಹೇಳಿದರೆ ಔಟ್.

ಅವತ್ತು ನಡುವೆ ಕೂತಿದ್ದವನು ವರ್ಷವಿಡೀ ನನ್ನ ಒಂದು ಪ್ರಶ್ನೆಗೂ ಬಾಯಿ ಬಿಡದ ಹುಡುಗ. ನಾನು ಹೆಂಚಿನ ಚೂರು ಇಸಕೊಂಡು ಅವನ ಮುಖಕ್ಕೆ ಹಿಡಿದೆ. ಪೀಂ ಅಂದೆ. ಅವನು ಆಕಾಶ ನೋಡಿದ, ನೆಲ ನೋಡಿದ.

“ರೇಂಜ್ ಇಲ್ರಿ ಸರ್.”

ಕಲ್ಲುಗಳ ಸಮೇತ ಅವನನ್ನು ಎರಡು ಹೆಜ್ಜೆ ಮೂಡಣಕ್ಕೆ ಸರಿಸಿ ಮತ್ತೆ ಹಿಡಿದೆ. ಹುಡುಗ ಕಿವಿಯ ಹತ್ತಿರ ಕೈ ಇಟ್ಟುಕೊಂಡು ಸ್ವಲ್ಪ ಕಾದ.

“ಹಾಂ, ಕಾಗವಾಡ ಬಂತ್ರಿ” ಅಂದವನೇ ಶುರು ಮಾಡಿದ.